ಕವಿಯ ಸಂಸಾರ ರಂಗಸ್ಥಳಕ್ಕೆ ಬಂದಾಗ: ನೋಡಿದವರು ಹೇಳಿದ್ದೇನು?

ಕವಿಯ ಕಾವ್ಯ ಲೋಕದ ಸೊತ್ತು. ಅವನ ಸಂಸಾರ ಯಾರ ಸೊತ್ತು? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಉಂಡು ಮಲಗಿದರೂ ಮುಗಿಯದ, ಇಬ್ಬರೂ ಮಣ್ಣಾದ ಮೇಲೂ ಮುಗಿಯದ ಜಗಳವೊಂದನ್ನು ಟಿಕೇಟು ಕೊಂಡು ಬಂದ ಜನರ ಮುಂದೆ ಆಡಿ ತೋರಿಸಿದರೆ ಆ ಜನರು ಏನೆಂದಾರು? ತೀರ್ಪು ಕೊಟ್ಟಾರೇ, ಇಲ್ಲವೇ ಮುಖ ತಿರುಗಿಸಿಯಾರೇ?

ಈ ಪ್ರಶ್ನೆಯನ್ನು ಎಬ್ಬಿಸಿದ ನಾಟಕ 'ಟಾಮ್ ಆಂಡ್ ವಿವ್'. ಬರೆದವನು ಇಂಗ್ಲೆಂಡಿನ ಮೈಕೆಲ್ ಹೇಸ್ಟಿಂಗ್ಸ್ (1938-2011). ಇದರ ಮೊದಲ ಪ್ರದರ್ಶನ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ 1984ರ ಫೆಬ್ರವರಿಯಲ್ಲಿ ನಡೆಯಿತು. ಅದೇ ವರ್ಷ ಮೇ ತಿಂಗಳಲ್ಲಿ ನಮ್ಮ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತೆಂದರೆ ಕಾಲದ ಅಂದಾಜು ಓದುಗರಿಗೆ ಸಿಕ್ಕೀತು. ಟಾಮ್ ಎಂದರೆ ಟಿ. ಎಸ್. ಎಲಿಯಟ್, 1948ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಮಹಾಕವಿ. ವಿವ್ ಎಂದರೆ ಆತನ ಮೊದಲ ಹೆಂಡತಿ ವಿವಿಯೆನ್. ಆ ಪಾರಿತೋಷಕ ಬರುವುದಕ್ಕೆ ಒಂದು ವರ್ಷ ಮೊದಲೇ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ತೀರಿಕೊಂಡವಳು.

ಎಲ್ಲಿಯ ಲಂಡನ್, ಎಲ್ಲಿಯ ನಾವು ಎಂದು ಕೇಳುವವರು ಇರಬಹುದು. ಆದರೆ ಎಲಿಯಟ್ ಕನ್ನಡಿಗರಿಗೆ ಅಪರಿಚಿತನಲ್ಲ. ಗೋಪಾಲಕೃಷ್ಣ ಅಡಿಗರ (1918-1992) ನವ್ಯಕಾವ್ಯದ ಮಾತು ಬಂದಾಗಲೆಲ್ಲ ವಿಮರ್ಶಕರು ಈತನ ಹೆಸರನ್ನು ಎತ್ತಿಯೇ ಎತ್ತುತ್ತಾರೆ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದವರು ಈತನ 'ದಿ ವೇಸ್ಟ್ ಲ್ಯಾಂಡ್' ಕವನದ ಮುಂದೆ ಒಮ್ಮೆಯಾದರೂ ತಲೆ ತುರಿಸಿಕೊಂಡವರೇ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತ ಕಲಿತ ಈತ, ಆ ಕವನದ ಕೊನೆಗೆ ಬೃಹದಾರಣ್ಯಕ ಉಪನಿಷತ್ತಿನ ಪ್ರಜಾಪತಿಯ ಕಥೆಯನ್ನು ತಂದಿದ್ದಾನೆ. ದೇವತೆಗಳಿಗೂ ಮನುಷ್ಯರಿಗೂ ಅಸುರರಿಗೂ ಪ್ರಜಾಪತಿ ಹೇಳಿದ್ದು 'ದ' ಎಂಬ ಒಂದೇ ಅಕ್ಷರ. ದೇವತೆಗಳಿಗೆ ಅದು ದಮ ಎಂದೂ, ಮನುಷ್ಯರಿಗೆ ದಾನ ಎಂದೂ, ಅಸುರರಿಗೆ ದಯೆ ಎಂದೂ ಕೇಳಿಸಿತು. ಈ ಮೂರನೆಯ 'ದ'ಕಾರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

ಸಂಸಾರದ ಕಥೆ

ಇಬ್ಬರೂ ಹುಟ್ಟಿದ್ದು 1888ರಲ್ಲಿ. ಎಲಿಯಟ್ ಅಮೆರಿಕದ ಸೇಂಟ್ ಲೂಯಿ ಪಟ್ಟಣದ ಗಣ್ಯ ಮನೆತನದವನು. ವಿವಿಯೆನ್ ಹೇಯ್-ವುಡ್ ಇಂಗ್ಲೆಂಡಿನ ಚಿತ್ರಕಲಾವಿದನೊಬ್ಬನ ಮಗಳು; ಮಾತುಗಾತಿ, ಕುಣಿತವೆಂದರೆ ಪ್ರಾಣ, ಬರವಣಿಗೆಯಲ್ಲಿಯೂ ಕೈಯಿದ್ದವಳು. 1915ರಲ್ಲಿ ಎಲಿಯಟ್ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ಇಬ್ಬರಿಗೂ ಪರಿಚಯವಾಯಿತು. ಕೆಲವೇ ತಿಂಗಳಲ್ಲಿ, ಜೂನ್ 26ರಂದು, ಲಂಡನ್ನಿನ ನೋಂದಣಿ ಕಚೇರಿಯಲ್ಲಿ ಮದುವೆ ನಡೆದೇ ಹೋಯಿತು. ಹುಡುಗನ ತಂದೆತಾಯಿಗೆ ಸುದ್ದಿ ಮುಟ್ಟಿದ್ದು ಆಮೇಲೆ.

ವಿವಿಯೆನ್ ಬಾಲ್ಯದಿಂದಲೂ ಕಾಯಿಲೆಯವಳು. ಚಿಕ್ಕಂದಿನಲ್ಲಿ ಕೈಯ ಎಲುಬಿಗೆ ಕ್ಷಯ ತಗಲಿತ್ತು. ಪ್ರಾಯಕ್ಕೆ ಬಂದ ಮೇಲೆ ಮುಟ್ಟಿನ ಏರುಪೇರು, ತಲೆನೋವು, ನಿದ್ರೆ ಬಾರದಿರುವುದು, ನರಗಳ ಉದ್ವೇಗ ಕಾಡುತ್ತಿದ್ದವು. ಆ ಕಾಲದ ವೈದ್ಯರು ಕೊಡುತ್ತಿದ್ದ ಬ್ರೋಮೈಡಿನಂತಹ ಮದ್ದುಗಳು ರೋಗಕ್ಕಿಂತ ಹೆಚ್ಚಿನ ರೋಗವಾದವು. ಗಂಡನಿಗೂ ಆರೋಗ್ಯ ಅಷ್ಟಕ್ಕಷ್ಟೆ. 1917ರಿಂದ 1925ರ ತನಕ ಆತ ಲಾಯ್ಡ್ಸ್ ಬ್ಯಾಂಕಿನಲ್ಲಿ ಗುಮಾಸ್ತೆಯ ಕೆಲಸ ಮಾಡುತ್ತ, ರಾತ್ರಿ ಬರೆಯುತ್ತ ಸಂಸಾರ ತೂಗಿಸಿದ. 1921ರಲ್ಲಿ ಮನಸ್ಸು ಕುಸಿದು, ಸ್ವಿಟ್ಜರ್ಲೆಂಡಿಗೆ ಚಿಕಿತ್ಸೆಗೆ ಹೋದ. 'ದಿ ವೇಸ್ಟ್ ಲ್ಯಾಂಡ್' ಕೈಗೂಡಿದ್ದು ಆ ದಿನಗಳಲ್ಲಿ, ಪ್ರಕಟವಾದದ್ದು 1922ರಲ್ಲಿ.

ಆ ಕವನದ ಹಸ್ತಪ್ರತಿ 1971ರಲ್ಲಿ ಅಚ್ಚಾದಾಗ ಲೋಕಕ್ಕೆ ಒಂದು ಸಂಗತಿ ಕಣ್ಣಾರೆ ಕಂಡಿತು. ಕವಿಮಿತ್ರ ಎಜ್ರಾ ಪೌಂಡನ ಕತ್ತರಿಯ ಗುರುತುಗಳ ಜತೆಗೆ, ಹಾಳೆಯ ಅಂಚಿನಲ್ಲಿ ವಿವಿಯೆನಳ ಕೈಬರಹವೂ ಇತ್ತು. ಅವಳು ಮೆಚ್ಚಿದ ಕಡೆ ಮೆಚ್ಚುಗೆ ಬರೆದಿದ್ದಳು. ಅವಳು ಸೂಚಿಸಿದ ಮಾತು ಕವನದೊಳಗೆ ಸೇರಿತ್ತು. ಬೇಡವೆಂದ ಒಂದು ಸಾಲನ್ನು ಗಂಡ ಬಿಟ್ಟುಕೊಟ್ಟಿದ್ದ. ಉದ್ವೇಗದಿಂದ ಮಾತಾಡುವ ಹೆಂಡತಿ, ಉತ್ತರ ಕೊಡದ ಗಂಡ ಇರುವ ಭಾಗಕ್ಕೆ ಸೇರಿದ ಸಾಲು ಅದು. ತನ್ನ ಮನೆಯ ಮಾತೇ ಕವನವಾಗುತ್ತಿರುವುದನ್ನು ಹೆಂಡತಿ ಕಂಡಿದ್ದಳು, ಮೆಚ್ಚಿಯೂ ಇದ್ದಳು. ಎಲಿಯಟ್ ನಡೆಸುತ್ತಿದ್ದ 'ಕ್ರೈಟೀರಿಯನ್' ಪತ್ರಿಕೆಯಲ್ಲಿ ಆಕೆ ಬೇರೆ ಹೆಸರುಗಳಲ್ಲಿ ಬರೆಯುತ್ತಲೂ ಇದ್ದಳು.

1927ರಲ್ಲಿ ಎಲಿಯಟ್ ಇಂಗ್ಲೆಂಡಿನ ಚರ್ಚಿಗೆ ಸೇರಿ ಕಟ್ಟುನಿಟ್ಟಿನ ಕ್ರೈಸ್ತನಾದ. ವಿಚ್ಛೇದನೆಗೆ ಆ ಮತ ಒಪ್ಪಿಗೆ ಕೊಡುತ್ತಿರಲಿಲ್ಲ. 1932ರಲ್ಲಿ ಒಂದು ವರ್ಷದ ಉಪನ್ಯಾಸಕ್ಕೆಂದು ಅಮೆರಿಕಕ್ಕೆ ಹೋದವನು ಅಲ್ಲಿಂದಲೇ ವಕೀಲರ ಮೂಲಕ ಬೇರ್ಪಡೆಯ ಪತ್ರ ಕಳುಹಿಸಿದ. 1933ರಲ್ಲಿ ಊರಿಗೆ ಮರಳಿದರೂ ಮನೆಗೆ ಮರಳಲಿಲ್ಲ. ಗಂಡ ಬಂದಾನೆಂದು ಆಕೆ ಕಾದಳು. ಆತನ ಪ್ರಕಾಶನ ಕಚೇರಿಗೆ ಹೋದಳು. ಮುಂಬಾಗಿಲಲ್ಲಿ ಗುಮಾಸ್ತರು ಮಾತಾಡಿಸುತ್ತಿದ್ದಂತೆ ಆತ ಬೇರೆ ದಾರಿಯಿಂದ ಹೊರಟುಹೋಗುತ್ತಿದ್ದ. 1935ರ ನವೆಂಬರಿನಲ್ಲಿ ಪುಸ್ತಕ ಮೇಳವೊಂದರಲ್ಲಿ ಆತ ಭಾಷಣ ಮಾಡುತ್ತಿದ್ದಾಗ, ಸಾಕುನಾಯಿಯನ್ನೂ ಆತನದೇ ಮೂರು ಪುಸ್ತಕಗಳನ್ನೂ ಹಿಡಿದುಕೊಂಡು ಹೋಗಿ ಎದುರು ನಿಂತಳು. ನನ್ನ ಜತೆ ಬರುತ್ತೀಯಾ ಎಂದು ಕೇಳಿದಳು. ಈಗ ಮಾತಾಡಲಾರೆ ಎಂದ ಗಂಡ, ಪುಸ್ತಕಗಳಿಗೆ ಸಹಿ ಹಾಕಿಕೊಟ್ಟು ಹೋದ.

1938ರ ಬೇಸಗೆಯಲ್ಲಿ ಒಂದು ಮುಂಜಾನೆ ಲಂಡನ್ನಿನ ಬೀದಿಯಲ್ಲಿ ಅಲೆಯುತ್ತಿದ್ದ ಆಕೆಯನ್ನು ಪೊಲೀಸರು ಕಂಡರು. ತಮ್ಮ ಮಾರಿಸ್ ಮುಂದಾದ. ಉತ್ತರ ಲಂಡನ್ನಿನ ನಾರ್ತಂಬರ್‌ಲೆಂಡ್ ಹೌಸ್ ಎಂಬ ಖಾಸಗಿ ಮಾನಸಿಕ ಆಸ್ಪತ್ರೆಗೆ ಅವಳನ್ನು ಸೇರಿಸಲಾಯಿತು. ಅಲ್ಲಿಂದ ಆಕೆ ಹೊರಬಂದು ಬದುಕಲಿಲ್ಲ. 1947ರ ಜನವರಿ 22ರಂದು, 58ರ ಪ್ರಾಯದಲ್ಲಿ, ಅಲ್ಲಿಯೇ ಪ್ರಾಣ ಬಿಟ್ಟಳು. ಆ ಎಂಟೂವರೆ ವರ್ಷಗಳಲ್ಲಿ ಗಂಡ ಒಮ್ಮೆಯೂ ಹೋಗಿ ನೋಡಲಿಲ್ಲ.

ನಾಟಕಕಾರನ ಕೈಗೆ ಸಿಕ್ಕಿದ್ದು

ಇಷ್ಟು ಸಂಗತಿ ಸಾಹಿತ್ಯ ವಲಯದಲ್ಲಿ ಹಲವರಿಗೆ ಅಲ್ಪಸ್ವಲ್ಪ ಗೊತ್ತಿತ್ತು. ಆದರೆ ಬಾಯಿಬಿಟ್ಟು ಹೇಳುವವರು ಕಡಿಮೆ. ಹೇಸ್ಟಿಂಗ್ಸ್ ಮಾಡಿದ ಕೆಲಸವೆಂದರೆ, ಇಳಿವಯಸ್ಸಿನ ಮಾರಿಸ್‌ನನ್ನು ಹುಡುಕಿ ಮಾತಾಡಿಸಿದ್ದು. 1980ರಲ್ಲಿ ಮಾರಿಸ್ ತೀರಿಕೊಳ್ಳುವ ಮುನ್ನ ನಡೆದ ಆ ಮಾತುಕತೆಯಲ್ಲಿ ಮುದುಕ ಮನಸ್ಸಿನ ಭಾರ ಇಳಿಸಿಕೊಂಡ. ಯುದ್ಧ ಮುಗಿದ ಮೇಲೆ ಆಸ್ಪತ್ರೆಗೆ ಹೋಗಿ ಅಕ್ಕನನ್ನು ಕಂಡಾಗ, ಅವಳಿಗೆ ತನ್ನಷ್ಟೇ ಬುದ್ಧಿ ಸ್ವಾಧೀನದಲ್ಲಿದೆಯೆಂದು ಅನಿಸಿತಂತೆ. ತಾನೂ ಟಾಮನೂ ಮಾಡಿದ್ದು ತಪ್ಪು ಎಂದು ಆತ ಹೇಳಿದ.

ಈ ಮಾತಿನ ಬುಡದಿಂದ ಬೆಳೆದ ನಾಟಕದಲ್ಲಿ ಕವಿಗಿಂತ ಕವಿಯ ಅತ್ತೆಮನೆಯವರೇ ಹೆಚ್ಚು ಮುಖ್ಯರು. ವಿವಿಯೆನಳ ತಂದೆ, ತಾಯಿ, ತಮ್ಮ ಮೊದಲಾದವರ ಕಣ್ಣಿನಿಂದ ಟಾಮ್ ಎಂಬ ಶಿಸ್ತಿನ, ಬಿಗಿದ ತುಟಿಯ, ಹೊರನಾಡಿನ ಅಳಿಯನನ್ನು ನಾವು ನೋಡುತ್ತೇವೆ. ಮ್ಯಾಕ್ಸ್ ಸ್ಟಾಫರ್ಡ್-ಕ್ಲಾರ್ಕ್ ನಿರ್ದೇಶಿಸಿದ ಮೊದಲ ಪ್ರಯೋಗದಲ್ಲಿ ಟಾಮ್ ವಿಲ್ಕಿನ್ಸನ್ ಕವಿಯಾಗಿಯೂ, ಜೂಲಿ ಕೋವಿಂಗ್‌ಟನ್ ವಿವಿಯೆನಳಾಗಿಯೂ ಅಭಿನಯಿಸಿದರು. ಮರುವರ್ಷ ನಾಟಕ ನ್ಯೂಯಾರ್ಕಿಗೆ ಹೋಯಿತು. 1994ರಲ್ಲಿ ಚಲನಚಿತ್ರವಾಯಿತು, ವಿವಿಯೆನಳಾದ ಮಿರಾಂಡಾ ರಿಚರ್ಡ್‌ಸನ್ ಮತ್ತು ಅವಳ ತಾಯಿಯಾದ ರೋಸ್‌ಮೇರಿ ಹ್ಯಾರಿಸ್ ಇಬ್ಬರ ಹೆಸರೂ ಆಸ್ಕರ್ ಪಟ್ಟಿಯಲ್ಲಿ ಬಂತು. 2006ರಲ್ಲಿ ಲಂಡನ್ನಿನ ಅಲ್ಮೇಡಾ ರಂಗಮಂದಿರ ನಾಟಕವನ್ನು ಮತ್ತೆ ಆಡಿತು.

ಎಲಿಯಟನ ಎರಡನೆಯ ಹೆಂಡತಿ ವ್ಯಾಲೆರಿ (1926-2012) ಗಂಡನ ಬರಹಗಳ ಹಕ್ಕುದಾರಳು. ಈ ನಾಟಕಕ್ಕೆ ಆಕೆಯ ಸಹಕಾರ ಸಿಗಲಿಲ್ಲ. ಹಾಗಾಗಿ ಕವಿಯ ಮೇಲಿನ ನಾಟಕದಲ್ಲಿ ಕವಿಯ ಕಾವ್ಯವಿಲ್ಲದಂತಾಯಿತು. ಅದೇ 1984ರಲ್ಲಿ ಪೀಟರ್ ಆಕ್ರಾಯ್ಡ್ ಬರೆದ ಜೀವನಚರಿತ್ರೆಗೂ ಕವಿತೆಗಳನ್ನು ಉದ್ಧರಿಸಲು ಅಪ್ಪಣೆ ದೊರೆಯಲಿಲ್ಲ. ಅದೇ ಲಂಡನ್ನಿನ ಇನ್ನೊಂದು ರಂಗಮಂದಿರದಲ್ಲಿ ಎಲಿಯಟನ ಬೆಕ್ಕಿನ ಪದ್ಯಗಳಿಂದ ಕಟ್ಟಿದ 'ಕ್ಯಾಟ್ಸ್' ಎಂಬ ಸಂಗೀತ ನಾಟಕ 1981ರಿಂದ ತುಂಬಿದ ಸಭೆಗೆ ನಡೆಯುತ್ತಿತ್ತು. ಅದಕ್ಕೆ ವ್ಯಾಲೆರಿಯ ಒಪ್ಪಿಗೆ ಮಾತ್ರವಲ್ಲ, ಅಪ್ರಕಟಿತ ಪದ್ಯವೊಂದರ ತುಣುಕೂ ದೊರೆತಿತ್ತು. ಒಂದೇ ನಗರದಲ್ಲಿ ಕವಿಯ ಬೆಕ್ಕುಗಳು ಹಾಡುತ್ತ ಕುಣಿದವು. ಕವಿಯ ಹೆಂಡತಿ ಆತನ ಒಂದು ಸಾಲನ್ನೂ ಹೇಳಲಾರದೆ ನಿಂತಳು.

ಅಭಿಪ್ರಾಯಗಳು ಮೂರು ಬಗೆ

ನಾಟಕವನ್ನೂ ಅದರ ಚಲನಚಿತ್ರವನ್ನೂ ನೋಡಿದವರು ಅಂದಿನಿಂದ ಇಂದಿನ ತನಕ ಆಡುತ್ತ ಬಂದ ಮಾತುಗಳನ್ನು ಒಟ್ಟುಮಾಡಿದರೆ ಮೂರು ಪಂಗಡಗಳು ಕಾಣಸಿಗುತ್ತವೆ.

ಮೊದಲನೆಯ ಪಂಗಡದವರು ಇದು ಸತ್ತವನಿಗೆ ಮಾಡಿದ ಅನ್ಯಾಯ ಎನ್ನುತ್ತಾರೆ. ಉತ್ತರ ಕೊಡಲಾರದವನ ಮೇಲೆ ಆರೋಪ ಹೊರಿಸುವುದು ಸುಲಭ. ಹದಿನೇಳು ವರ್ಷ ರೋಗಿಷ್ಠ ಹೆಂಡತಿಯ ಜತೆ ಬಾಳಿ, ಬ್ಯಾಂಕಿನಲ್ಲಿ ದುಡಿದು, ವೈದ್ಯರ ಬಿಲ್ಲು ಕಟ್ಟಿ, ತಾನೂ ಕುಸಿದ ಮನುಷ್ಯನನ್ನು ಕಲ್ಲೆದೆಯ ಗಂಡನೆಂದು ತೋರಿಸಿದ್ದು ಸರಿಯಲ್ಲ. ನಾಟಕ ನಂಬಿದ್ದು ಮುಖ್ಯವಾಗಿ ಒಬ್ಬ ಮುದುಕನ ನೆನಪನ್ನು. ತನ್ನ ಪಾಲಿನ ತಪ್ಪನ್ನು ಹಂಚಿಕೊಳ್ಳಲು ಜತೆಗಾರ ಬೇಕಾಗಿದ್ದವನ ನೆನಪು ಅದು. ಅಲ್ಲದೆ ವಿವಿಯೆನಳೂ ನಾಟಕ ತೋರಿಸಿದಷ್ಟು ಮುಗ್ಧೆಯಲ್ಲ. ಅವಳ ಸಿಟ್ಟು, ಸಂಶಯ, ಗೀಳು ಹತ್ತಿರದವರನ್ನು ಹಣ್ಣುಮಾಡಿದ್ದವು. 1934ರಲ್ಲಿ ಆಕೆ ಇಂಗ್ಲೆಂಡಿನ ಫ್ಯಾಸಿಸ್ಟ್ ಪಕ್ಷಕ್ಕೂ ಸೇರಿದ್ದಳು. ಈ ಪಂಗಡದವರ ವಾದದಲ್ಲಿ ತಿರುಳಿದೆ ಎಂದು ಒಪ್ಪಬೇಕು.

ಎರಡನೆಯ ಪಂಗಡದವರಲ್ಲಿ ಹೆಂಗಸರು ಹೆಚ್ಚು, ಆದರೆ ಹೆಂಗಸರು ಮಾತ್ರವಲ್ಲ. ಅವರ ಪ್ರಶ್ನೆ ನೇರವಾದದ್ದು. ಇಷ್ಟು ಕಾಲ ಒಂದೇ ಕಡೆಯ ಮಾತು ಕೇಳಿದ್ದೇವಲ್ಲ, ಈಗ ಇನ್ನೊಂದು ಕಡೆಯದು ಕೇಳಿದರೆ ಏನು ತಪ್ಪು? ಕವಿಯ ಕಷ್ಟಕ್ಕೆ ಹೆಂಡತಿ ಕಾರಣ ಎಂದು ಬರೆದವರು, ಹೆಂಡತಿಯ ಕಷ್ಟಕ್ಕೆ ಯಾರು ಕಾರಣ ಎಂದು ಕೇಳಿದ್ದುಂಟೇ? ಕಾಯಿಲೆ ಮೈಯದು, ಮದ್ದು ತಪ್ಪಾದದ್ದು. ಆದರೆ ಬಿದ್ದ ಹೆಸರು ಮಾತ್ರ ಹುಚ್ಚಿ ಎಂದು. ಚಲನಚಿತ್ರದಲ್ಲಿ ವೈದ್ಯರು ಅವಳ ಕಾಯಿಲೆಗೆ ಕೊಡುವ ಹೆಸರು 'ನೈತಿಕ ಬುದ್ಧಿಭ್ರಮಣೆ'. ಹೆಂಗಸು ಜೋರಾಗಿ ಮಾತಾಡಿದರೆ, ನಾಲ್ಕು ಜನರ ಮುಂದೆ ಗಂಡನನ್ನು ಪ್ರಶ್ನಿಸಿದರೆ ಅದೇ ರೋಗದ ಲಕ್ಷಣವಾಗುತ್ತದೆ. ಪುಸ್ತಕ ಮೇಳಕ್ಕೆ ಹೋಗಿ ಗಂಡನನ್ನು ಮನೆಗೆ ಕರೆದದ್ದು ಹುಚ್ಚೋ, ಕರೆದರೂ ಬಾರದೆ ಸಹಿ ಹಾಕಿ ಕೊಟ್ಟದ್ದು ಹುಚ್ಚೋ ಎಂಬುದು ಇವರ ಪ್ರಶ್ನೆ.

ಮೂರನೆಯ ಪಂಗಡದವರು ಜಗಳದಿಂದ ದೂರ ನಿಲ್ಲುವವರು. ನಮಗೆ ಕಾವ್ಯ ಸಾಕು, ಕವಿಯ ಮಲಗುವ ಕೋಣೆ ಬೇಡ ಎನ್ನುತ್ತಾರೆ. ಇವರಿಗೆ ಆಧಾರವಾಗಿ ನಿಲ್ಲುವವನು ಸ್ವತಃ ಎಲಿಯಟ್. ಕವಿತೆ ಎಂಬುದು ಕವಿಯ ಭಾವನೆಗಳ ತೋಡಿಕೊಳ್ಳುವಿಕೆಯಲ್ಲ, ಅನುಭವಿಸುವ ಮನುಷ್ಯ ಬೇರೆ, ಸೃಷ್ಟಿಸುವ ಮನಸ್ಸು ಬೇರೆ ಎಂದು ಆತ 1919ರ ಪ್ರಬಂಧದಲ್ಲಿ ವಾದಿಸಿದ್ದ. ಆ ಪ್ರಬಂಧವನ್ನು ನಮ್ಮ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಎಷ್ಟೋ ತಲೆಮಾರಿನಿಂದ ಪರೀಕ್ಷೆಗೆ ಓದುತ್ತಿದ್ದಾರೆ. ಆದರೆ ಇಲ್ಲಿಯೂ ಒಂದು ತೊಡಕಿದೆ. ತನ್ನ ಜೀವನಚರಿತ್ರೆ ಯಾರೂ ಬರೆಯಬಾರದೆಂದು ಬಯಸಿದವನೂ ಇದೇ ಎಲಿಯಟ್. ಕವಿತೆಯಿಂದ ಕವಿಯನ್ನು ದೂರ ಇಡಬೇಕೆಂಬ ಸಿದ್ಧಾಂತ ಶುದ್ಧ ಸಾಹಿತ್ಯ ವಿಚಾರವೋ, ಅಥವಾ ಮನೆಯ ಬಾಗಿಲಿಗೆ ಹಾಕಿದ ಚಿಲಕವೋ ಎಂದು ಸಂಶಯಪಡುವವರೂ ಇದ್ದಾರೆ.

ಕಡತ ತೆರೆದ ಮೇಲೆ

ನಾಟಕ ಬಂದ ಮೇಲಿನ ನಾಲ್ಕು ದಶಕಗಳಲ್ಲಿ ಕಾಗದಪತ್ರಗಳು ಒಂದೊಂದಾಗಿ ಹೊರಬಂದವು. 1988ರಲ್ಲಿ ವ್ಯಾಲೆರಿಯೇ ಸಂಪಾದಿಸಿದ ಎಲಿಯಟನ ಪತ್ರಗಳ ಮೊದಲ ಸಂಪುಟದಲ್ಲಿ ವಿವಿಯೆನಳ ಪತ್ರಗಳಿಗೂ ಜಾಗ ದೊರೆಯಿತು. ನಾಟಕಕ್ಕೆ ಬಾಗಿಲು ಮುಚ್ಚಿದವಳೇ ಮೊದಲ ಹೆಂಡತಿಯ ಮಾತನ್ನು ಅಚ್ಚಿಗೆ ಕೊಟ್ಟಳೆಂಬುದನ್ನು ಮರೆಯಬಾರದು. 2001ರಲ್ಲಿ ಕ್ಯಾರೋಲ್ ಸೀಮೋರ್-ಜೋನ್ಸ್ ಬರೆದ ಜೀವನಚರಿತ್ರೆ ವಿವಿಯೆನಳ ಪರವಾಗಿ ಬಲವಾಗಿ ನಿಂತಿತು. 2020ರಲ್ಲಿ ಆನ್ ಪಾಸ್ತರ್ನಾಕ್ ಸ್ಲೇಟರ್ ಬರೆದ ಗ್ರಂಥ ಅವಳ ಬರಹಗಳನ್ನೆಲ್ಲ ಕೂಡಿಸಿ ಕೊಟ್ಟಿತಾದರೂ, ಕಥೆಯನ್ನು ಎಲಿಯಟನ ಕಡೆಗೆ ಹೆಚ್ಚು ಸಹಾನುಭೂತಿಯಿಂದ ಹೇಳಿತು.

ಅದೇ 2020ರ ಜನವರಿ 2ರಂದು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಇನ್ನೊಂದು ಕಟ್ಟು ಬಿಚ್ಚಿಕೊಂಡಿತು. ಎಮಿಲಿ ಹೇಲ್ ಎಂಬ ಅಧ್ಯಾಪಿಕೆಗೆ ಎಲಿಯಟ್ 1930ರಿಂದ 1956ರ ತನಕ ಬರೆದ 1,131 ಪತ್ರಗಳು! ಮದುವೆಗೆ ಮೊದಲೇ ತಾನು ಪ್ರೀತಿಸಿದ್ದ ಹುಡುಗಿಗೆ, ಹೆಂಡತಿ ಬದುಕಿರುವಾಗಲೇ, ಅವಳು ಆಸ್ಪತ್ರೆಯಲ್ಲಿದ್ದಾಗಲೂ, ಆತ ಬರೆಯುತ್ತಲೇ ಇದ್ದ. ಪತ್ರಗಳು ತೆರೆದ ದಿನವೇ, 1960ರಲ್ಲಿ ಎಲಿಯಟ್ ಬರೆದಿಟ್ಟಿದ್ದ ಹೇಳಿಕೆಯೊಂದೂ ಬಿಡುಗಡೆಯಾಯಿತು. ವಿವಿಯೆನಳಿಗೆ ಆ ಮದುವೆಯಿಂದ ಸುಖ ಸಿಗಲಿಲ್ಲ; ತನಗೆ ಮಾತ್ರ 'ದಿ ವೇಸ್ಟ್ ಲ್ಯಾಂಡ್' ಹುಟ್ಟಿದ ಮನಃಸ್ಥಿತಿಯನ್ನು ಅದು ತಂದಿತು; ಎಮಿಲಿಯನ್ನು ಮದುವೆಯಾಗಿದ್ದರೆ ತನ್ನೊಳಗಿನ ಕವಿ ಸಾಯುತ್ತಿದ್ದ ಎಂಬುದು ಅದರ ತಾತ್ಪರ್ಯ.

ಅಂತೂ ಎಮಿಲಿಗೂ ಮದುವೆ ಒದಗಲಿಲ್ಲ. ವಿವಿಯೆನ್ ತೀರಿಕೊಂಡ ಹತ್ತು ವರ್ಷಗಳ ಮೇಲೆ, 1957ರ ಜನವರಿಯಲ್ಲಿ, 68ರ ಪ್ರಾಯದ ಎಲಿಯಟ್ ತನ್ನ ಕಾರ್ಯದರ್ಶಿ ವ್ಯಾಲೆರಿಯನ್ನು ಮದುವೆಯಾದ. 1965ರಲ್ಲಿ ತೀರಿಕೊಳ್ಳುವ ತನಕ ಆಕೆಯ ಜತೆ ಸುಖದಿಂದ ಬಾಳಿದ. ಹೊಸ ಕಾಗದಗಳು ಬಂದಂತೆಲ್ಲ ಒಂದು ಪಕ್ಷ ಗೆದ್ದೆವೆಂದು ಹಿಗ್ಗಿತು, ಇನ್ನೊಂದು ಪಕ್ಷ ಹೊಸ ವಾದ ಹೂಡಿತು. ಕಡತ ದಪ್ಪವಾಯಿತು, ಮೊಕದ್ದಮೆ ತೀರಲಿಲ್ಲ.

ನಮ್ಮ ಕೂಟದಲ್ಲಿ ಆಗಿದ್ದರೆ

ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಈ ಚರ್ಚೆ ಹೊಸತೆನಿಸದು. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ನಮಗೆ ಬಂದ ರಾಮಾಯಣದ ಪ್ರಸಂಗಗಳಲ್ಲಿ ರಾಮ ದೇವರು. ಆದರೆ ಬಾಣ ತಗಲಿ ಬಿದ್ದ ವಾಲಿಗೆ ಆ ದೇವರನ್ನು ಪ್ರಶ್ನಿಸುವ ಅಧಿಕಾರವಿದೆ. ಶೇಣಿ ಗೋಪಾಲಕೃಷ್ಣ ಭಟ್ಟರ (1918-2006) ವಾಲಿ ಮಾತಿಗೆ ತೊಡಗಿದರೆ ಸಭೆಯಲ್ಲಿದ್ದ ರಾಮಭಕ್ತರೂ ಒಂದು ಕ್ಷಣ ವಾಲಿಯ ಪಕ್ಷ ಸೇರುತ್ತಿದ್ದರೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ನಳ ದಮಯಂತಿಯನ್ನು ಕಾಡಿನಲ್ಲಿ ಬಿಟ್ಟುಹೋದಾಗ, ರಾಮ ತುಂಬುಗರ್ಭಿಣಿ ಸೀತೆಯನ್ನು ಕಳುಹಿಸಿದಾಗ, ಬಿಟ್ಟವನೂ ತನ್ನ ಸಮರ್ಥನೆ ಹೇಳಬೇಕು, ಬಿಡಲ್ಪಟ್ಟವಳೂ ತನ್ನ ನೋವು ಹೇಳಬೇಕು. ವೇಷವಿಲ್ಲ, ಕುಣಿತವಿಲ್ಲ, ಮಾತೊಂದೇ. ಒಳ್ಳೆಯ ಅರ್ಥಧಾರಿ ಎದುರಾಳಿಗೆ ಮಾತಿಲ್ಲದಂತೆ ಮಾಡಿ ಗೆಲ್ಲುವುದಿಲ್ಲ, ಎದುರಾಳಿಯಿಂದ ಒಳ್ಳೆಯ ಮಾತು ಹೊರಡಿಸಿ ಗೆಲ್ಲುತ್ತಾನೆ.

ಈ ಅಳತೆಗೋಲಿನಿಂದ ನೋಡಿದರೆ ಹೇಸ್ಟಿಂಗ್ಸನ ನಾಟಕದ ಕೊರತೆ ಎಲ್ಲಿಯೆಂದು ತಿಳಿಯುತ್ತದೆ. ಅಲ್ಲಿ ವಾಲಿಗೆ ಮಾತಿದೆ, ರಾಮನಿಗೆ ಇಲ್ಲ. ಕವಿಯ ಪಾತ್ರಧಾರಿಗೆ ಕವಿಯ ಮಾತೇ ಇಲ್ಲದ ಮೇಲೆ ಆತ ಬಿಗಿದ ತುಟಿಯ ಗೊಂಬೆಯಾಗದೆ ಇನ್ನೇನಾದಾನು? ಇದಕ್ಕೆ ನಾಟಕಕಾರನೊಬ್ಬನನ್ನೇ ದೂರುವಂತಿಲ್ಲ. ಅರ್ಥ ಹೇಳಲು ಪದ್ಯ ಕೊಡದೆ ಇದ್ದವರ ಪಾಲೂ ಅದರಲ್ಲಿದೆ. ಕವಿಯ ಕೀರ್ತಿ ಕಾಯಲು ಹೋದವರಿಂದಲೇ ಕವಿಯ ಪಕ್ಷ ಸೋತಿತು.

ಆದರೆ ನಾಟಕದ ಗುಣವೂ ಇದೇ ಅಳತೆಯಿಂದ ಕಾಣುತ್ತದೆ. ಅದಕ್ಕೆ ಮೊದಲು ಈ ಕೂಟದಲ್ಲಿ ಒಂದೇ ಕಡೆಯವರು ಕುಳಿತಿದ್ದರು. ಎಲಿಯಟನಿಗೆ ಪತ್ರಿಕೆ ಇತ್ತು, ಪ್ರಕಾಶನ ಸಂಸ್ಥೆ ಇತ್ತು, ನೊಬೆಲ್ ಇತ್ತು, ಲೋಕದ ತುಂಬ ಶಿಷ್ಯರಿದ್ದರು. ವಿವಿಯೆನಳಿಗೆ ಇದ್ದದ್ದು ಕೆಲವು ದಿನಚರಿ ಪುಸ್ತಕಗಳು. ಆಕೆ ಆಕ್ಸ್‌ಫರ್ಡಿನ ಗ್ರಂಥಾಲಯಕ್ಕೆ ಸೇರುವಂತೆ ಬರೆದಿಟ್ಟುಹೋದ ಕಾಗದಗಳು. ಅವುಗಳ ಮೇಲಿನ ಹಕ್ಕು ಕೂಡ ಕಡೆಗೆ ಎರಡನೆಯ ಹೆಂಡತಿಯ ಕೈ ಸೇರಿತು. ಸರಕಾರಿ ಅರ್ಜಿಯ ನಮೂನೆ ಕನ್ನಡದಲ್ಲಿ ಬೇಕೆಂದು ದಶಕಗಳಿಂದ ಕೇಳುತ್ತ ಬಂದ ನಮಗೆ, ಕಡತದಲ್ಲಿ ಯಾರ ಮಾತು ಉಳಿಯುತ್ತದೆ, ಯಾರದು ಉಳಿಯುವುದಿಲ್ಲ ಎಂಬ ಪ್ರಶ್ನೆಯ ಬಿಸಿ ಬೇರೆಯವರು ಹೇಳಿ ತಿಳಿಯಬೇಕಾಗಿಲ್ಲ. ಮೂವತ್ತೇಳು ವರ್ಷ ಮೌನದಲ್ಲಿದ್ದ ಒಬ್ಬಳ ಪರವಾಗಿ ಒಬ್ಬ ಅರ್ಥಧಾರಿ ಎದ್ದು ನಿಂತ. ಆತ ಸ್ವಲ್ಪ ಹೆಚ್ಚೇ ಮಾತಾಡಿದನೆಂಬುದು ನಿಜ. ಆದರೆ ಆತ ಏಳದಿದ್ದರೆ ಆಮೇಲಿನ ಗ್ರಂಥಗಳಿಗೆ ಓದುಗರು ಇಷ್ಟು ಸುಲಭದಲ್ಲಿ ಸಿಗುತ್ತಿರಲಿಲ್ಲ.

ಹುಚ್ಚು ಎಂಬ ಮುದ್ರೆ

ಈ ನಾಟಕದ ವಿಚಾರ ನಮ್ಮ ಮನೆಗಳಿಗೆ ಮುಟ್ಟುವುದು ಇನ್ನೊಂದು ಕಡೆಯಿಂದ. ವಿವಿಯೆನಳನ್ನು ಒಳಗೆ ಹಾಕಲು ಬಳಕೆಯಾದದ್ದು 1890ರ ಇಂಗ್ಲೆಂಡಿನ ಹುಚ್ಚರ ಕಾಯಿದೆಯ ವ್ಯವಸ್ಥೆ. ನೆಂಟನೊಬ್ಬನ ಅರ್ಜಿ, ಇಬ್ಬರು ವೈದ್ಯರ ಸರ್ಟಿಫಿಕೇಟು, ನ್ಯಾಯಾಧಿಕಾರಿಯ ಆಜ್ಞೆ, ಇಷ್ಟಾದರೆ ಮುಗಿಯಿತು. ಬ್ರಿಟಿಷರು ಅದೇ ಬಗೆಯ ಕಾಯಿದೆಯನ್ನು 1912ರಲ್ಲಿ ನಮ್ಮ ದೇಶಕ್ಕೂ ತಂದರು. ಸ್ವಾತಂತ್ರ್ಯ ಬಂದ ಮೇಲೂ ಅದು ಉಳಿಯಿತು. ಅದರ ಜಾಗಕ್ಕೆ 1987ರಲ್ಲಿ ಅಂಗೀಕಾರವಾದ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದದ್ದು 1993ರಲ್ಲಿ. ಅಂದರೆ ಲಂಡನ್ನಿನವರು ರಂಗದ ಮೇಲೆ ವಿವಿಯೆನಳನ್ನು ನೋಡಿ ಕಣ್ಣೊರಸಿಕೊಳ್ಳುತ್ತಿದ್ದಾಗ, ನಮ್ಮಲ್ಲಿ ನಡೆಯುತ್ತಿದ್ದುದು ಹಳೆಯ ಕಾಯಿದೆಯೇ.

ಈಗ ನಡೆಯುತ್ತಿರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ. ಜಾರಿಗೆ ಬಂದದ್ದು 2018ರ ಮೇ ತಿಂಗಳಲ್ಲಿ. ಇದರ ಕೆಲವು ಮಾತುಗಳನ್ನು ಪ್ರತಿ ಕುಟುಂಬವೂ ತಿಳಿದಿರುವುದು ಒಳ್ಳೆಯದು. ಸಮಾಜದ ನೀತಿ, ಸಂಪ್ರದಾಯ, ಮತನಂಬಿಕೆಗಳಿಗೆ ಒಬ್ಬರು ಹೊಂದಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಅವರನ್ನು ಮಾನಸಿಕ ರೋಗಿಯೆಂದು ನಿರ್ಣಯಿಸುವಂತಿಲ್ಲ. ರೋಗಿಯ ಒಪ್ಪಿಗೆಯಿಲ್ಲದೆ ಆಸ್ಪತ್ರೆಗೆ ಸೇರಿಸಬೇಕಾದರೆ ಮನೋವೈದ್ಯರ ಸಹಿತ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲಿನ ಅವಧಿ 30 ದಿನ ಮೀರುವಂತಿಲ್ಲ. ಸೇರಿಸಿದ ವಿಷಯವನ್ನು ಪರಿಶೀಲನಾ ಮಂಡಳಿಗೆ 7 ದಿನಗಳೊಳಗೆ ತಿಳಿಸಬೇಕು. ರೋಗಿ ಹೆಂಗಸಾಗಿದ್ದರೆ ಅಥವಾ ಅಪ್ರಾಪ್ತರಾಗಿದ್ದರೆ 3 ದಿನಗಳೊಳಗೆ. ತನಗೆ ಅಂತಹ ಕಾಯಿಲೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಮಾತಾಡುವವರು ಯಾರು ಎಂದು ಮುಂಚಿತವಾಗಿ ಬರೆದಿಡುವ ಹಕ್ಕೂ ಇದೆ. ವಿವಿಯೆನಳಿಗೆ ಇದರಲ್ಲಿ ಒಂದಾದರೂ ದೊರೆತಿದ್ದರೆ ಅವಳ ಕೊನೆ ಬೇರೆಯಾಗುತ್ತಿತ್ತೋ ಏನೋ.

ಕಾಯಿದೆ ಬದಲಾಯಿತು, ಬಾಯಿ ಬದಲಾಗಿದೆಯೇ? ತವರಿನಲ್ಲಿ ತಂದುಬಿಟ್ಟ ಸೊಸೆಯ ಬಗ್ಗೆ, ಜಗಲಿಯಲ್ಲಿ ಕುಳಿತು ಒಬ್ಬಳೇ ಮಾತಾಡುವ ಅತ್ತೆಯ ಬಗ್ಗೆ, ಮದುವೆಯ ಮಾತುಕತೆ ನಡೆಯುವಾಗ ಮುಚ್ಚಿಟ್ಟ ತಂಗಿಯ ಬಗ್ಗೆ ಊರು ಆಡುವ ಪಟ್ಟಾಂಗ ಇನ್ನೂ ಹಳೆಯದೇ. ಹೆರಿಗೆಯ ನಂತರದ ಖಿನ್ನತೆಗೆ, ಥೈರಾಯ್ಡಿನ ತೊಂದರೆಗೆ, ನಿದ್ರೆಗೆಟ್ಟ ದಣಿವಿಗೆ ನಾವು ಕೊಡುವ ಹೆಸರುಗಳು ಹಲವು: ಹಟ, ಅಹಂಕಾರ, ಉಪದ್ರ, ದೆವ್ವ. ವೈದ್ಯರ ಬಳಿಗೆ ಕರೆದುಕೊಂಡು ಹೋಗುವುದು ಎಲ್ಲ ಹೆಸರುಗಳೂ ಮುಗಿದ ಮೇಲೆ. ಕರೆದುಕೊಂಡು ಹೋದವರು ಮತ್ತೆ ಹೋಗಿ ನೋಡುವುದನ್ನು ಮರೆಯಬಾರದು ಎಂಬುದು ಅದಕ್ಕಿಂತಲೂ ದೊಡ್ಡ ಮಾತು.

ಮನೆಯವರ ಕಷ್ಟವೂ ಸಣ್ಣದಲ್ಲ. ವರ್ಷಗಟ್ಟಳೆ ರಾತ್ರಿ ನಿದ್ರೆಗೆಟ್ಟು, ಸಾಲ ಮಾಡಿ, ನೆಂಟರಿಷ್ಟರ ಮುಂದೆ ತಲೆ ತಗ್ಗಿಸಿ ನೋಡಿಕೊಂಡವರಿಗೆ ಒಂದು ದಿನ ಸಾಕಪ್ಪಾ ಎನಿಸಿದರೆ ಅವರನ್ನು ರಾಕ್ಷಸರೆನ್ನಲಾಗದು. ಎಲಿಯಟ್ ಮನೆ ಬಿಟ್ಟುಹೋದದ್ದನ್ನು ಈ ಕಾರಣದಿಂದ ಅರ್ಥಮಾಡಿಕೊಳ್ಳಲು ನಮಗೆ ಸಾಧ್ಯ. ಇಬ್ಬರೂ ಒಂದೇ ಸೂರಿನಡಿ ಇದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲವೆಂಬ ವಾದವನ್ನೂ ಒಪ್ಪಬಹುದು.

ನಮ್ಮ ಮಾತು

ಹಾಗಾದರೆ ನೋಡಿದವರ ಈ ಮೂರು ಪಂಗಡಗಳಲ್ಲಿ ನಾವು ಯಾವ ಕಡೆ? ನಾಟಕ ಕವಿಗೆ ಅನ್ಯಾಯ ಮಾಡಿತು ಎನ್ನುವವರಿಗೆ, ಹೌದು, ಮಾಡಿತು ಎನ್ನುತ್ತೇವೆ. ಆ ಅನ್ಯಾಯವನ್ನು ಪತ್ರಗಳೂ ಗ್ರಂಥಗಳೂ ಬಹುಮಟ್ಟಿಗೆ ಸರಿಪಡಿಸಿವೆ. ಕಾವ್ಯ ಸಾಕು, ಕವಿಯ ಮನೆ ಬೇಡ ಎನ್ನುವವರಿಗೆ, ಕಾವ್ಯವನ್ನು ಹಾಗೆ ಓದಲು ಬರುತ್ತದೆ, ಹಾಗೆ ಓದಿದರೆ ಅದರ ಬೆಲೆ ಒಂದು ಕಾಸೂ ಕಡಿಮೆಯಾಗದು ಎನ್ನುತ್ತೇವೆ. ಆದರೆ ಆ ಕಾವ್ಯದ ಹಾಳೆಯ ಅಂಚಿನಲ್ಲಿ ಹೆಂಡತಿಯ ಕೈಬರಹವೂ ಇದೆಯೆಂಬುದನ್ನು ಒಮ್ಮೆ ತಿಳಿದ ಮೇಲೆ, ತಿಳಿಯದವರಂತೆ ಇರಲಾಗದು.

ಮದುವೆ ಮುರಿದದ್ದು ಯಾರ ತಪ್ಪಿನಿಂದ ಎಂದು ಹೇಳಲು ನಮಗಾಗಲಿ, ಲಂಡನ್ನಿನ ಪ್ರೇಕ್ಷಕರಿಗಾಗಲಿ ಅಧಿಕಾರವಿಲ್ಲ. ಅದು ಆ ಇಬ್ಬರಿಗೇ ತಿಳಿದ, ಬಹುಶಃ ಅವರಿಗೂ ಪೂರ್ತಿ ತಿಳಿಯದ ವಿಷಯ. ಬಿಟ್ಟುಹೋದದ್ದಕ್ಕೆ ನೂರು ಕಾರಣ ಹೇಳಬಹುದು. ಎಂಟೂವರೆ ವರ್ಷ ಒಂದು ಸಲವೂ ಆಸ್ಪತ್ರೆಯ ಬಾಗಿಲಿಗೆ ಹೋಗದೆ ಇದ್ದುದಕ್ಕೆ ನಮ್ಮ ಕೂಟದ ಯಾವ ಅರ್ಥಧಾರಿಯೂ, ಎಷ್ಟೇ ಚತುರನಿರಲಿ, ಸಭೆ ಒಪ್ಪುವ ಸಮರ್ಥನೆ ಕೊಡಲಾರ. ಪ್ರಜಾಪತಿಯ ಮೂರನೆಯ 'ದ'ಕಾರವನ್ನು ಲೋಕಕ್ಕೆ ಕೇಳಿಸಿದ ಕವಿ ಆತ. ದಯೆಯೆಂದರೆ ಕೂಡಿ ಬಾಳುವುದೇ ಆಗಬೇಕೆಂದಿಲ್ಲ. ಕೆಲವೊಮ್ಮೆ ಹೋಗಿ ಒಂದು ಗಳಿಗೆ ಕುಳಿತು ಬರುವುದೂ ದಯೆಯೇ.

ನಮ್ಮ ಜಿಲ್ಲೆಯ ಹವ್ಯಾಸಿ ತಂಡಗಳು ಹೊಸ ನಾಟಕಕ್ಕೆ ವಸ್ತು ಹುಡುಕುವಾಗ ಈ ಕಥೆಯನ್ನು ಒಮ್ಮೆ ಯೋಚಿಸಿ ನೋಡಲಿ. ಲಂಡನ್ನಿನ ನಾಟಕವನ್ನು ಹಾಗೆಯೇ ಕನ್ನಡಕ್ಕೆ ಇಳಿಸಬೇಕೆಂದಿಲ್ಲ. ಇಬ್ಬರು ಅರ್ಥಧಾರಿಗಳು, ಒಬ್ಬ ಭಾಗವತ ಸಾಕು. ಗಂಡನಿಗೂ ಮಾತಿರಲಿ, ಹೆಂಡತಿಗೂ ಮಾತಿರಲಿ. ತಮ್ಮ ಮಾರಿಸ್‌ನೂ ಬರಲಿ. ತಪ್ಪಾಯಿತೆಂದು ಬಾಯಿಬಿಟ್ಟು ಹೇಳಿದವನು ಆ ಕಥೆಯಲ್ಲಿ ಅವನೊಬ್ಬನೇ. ತೀರ್ಪನ್ನು ಸಭೆಗೆ ಬಿಟ್ಟರಾಯಿತು. ಮನೆಗೆ ಮರಳುವ ದಾರಿಯಲ್ಲಿ ಆ ಸಭೆಯವರಲ್ಲಿ ನಾಲ್ಕು ಮಂದಿ, ಬಹಳ ಕಾಲದಿಂದ ನೋಡಲು ಹೋಗದೆ ಬಿಟ್ಟ ತಮ್ಮ ನೆಂಟರೊಬ್ಬರನ್ನು ನೆನಪಿಸಿಕೊಂಡರೆ ನಾಟಕ ಗೆದ್ದಂತೆಯೇ.